ಮಾತ್ರೆ ಬಿಟ್ಟ ದಿನಗಳ ರಕ್ತ

ನನ್ನ ತಂಗಿಯ ಕಾಯಿಲೆಗೆ ನಮ್ಮ ಮನೆಯಲ್ಲಿ ಬಹಳ ಕಾಲ ಹೆಸರಿರಲಿಲ್ಲ. ಮೊದಲು ಬಿಸಿಲಿನ ಅಲರ್ಜಿ ಎಂದರು. ಆಮೇಲೆ ವಾತ ಎಂದರು. ಒಬ್ಬರು ರಕ್ತ ಕೆಟ್ಟಿದೆ ಎಂದಷ್ಟೇ ಹೇಳಿ ಟಾನಿಕ್ ಬರೆದುಕೊಟ್ಟರು. ಅವಳ ಮೂಗಿನ ಎರಡೂ ಬದಿಗೆ ಕೆನ್ನೆಗಳ ಮೇಲೆ ಕೆಂಪು ಹರಡುತ್ತಿತ್ತು. ಬೆಳಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ರೊಟ್ಟಿ ತಟ್ಟಲು ಕೂತವಳು ಹಿಟ್ಟಿನ ಮುಂದೆ ಸುಮ್ಮನೆ ಕೂತಿರುತ್ತಿದ್ದಳು. ಸೋಮಾರಿತನ ಎಂದೂ ಕೆಲವರು ಅಂದರು.

ದಾವಣಗೆರೆಯ ಆಸ್ಪತ್ರೆಯಲ್ಲಿ ಲೂಪಸ್ ಎಂಬ ಪದ ಕೇಳಿದ ದಿನ ನಾನು ಅವಳ ಪಕ್ಕದಲ್ಲೇ ಇದ್ದೆ. ಡಾಕ್ಟರು ಹೇಳಿದ್ದು ಇಷ್ಟು: ರೋಗಗಳಿಂದ ನಮ್ಮನ್ನು ಕಾಯಬೇಕಾದ ದೇಹದ ರಕ್ಷಣಾ ವ್ಯವಸ್ಥೆ, ತನ್ನದೇ ದೇಹವನ್ನು ಹೊರಗಿನದೆಂದು ತಿಳಿದು ಹೊಡೆಯುತ್ತಿದೆ. ಇವತ್ತು ಚರ್ಮ, ನಾಳೆ ಕೀಲು, ಹುಷಾರಾಗಿರದಿದ್ದರೆ ಮೂತ್ರಪಿಂಡ. ಪೂರ್ತಿ ವಾಸಿಯಾಗುವುದಿಲ್ಲ, ಹತೋಟಿಯಲ್ಲಿ ಇಡಬಹುದು. ಮಾತ್ರೆ ಮಾತ್ರ ತಪ್ಪಿಸಬಾರದು.

ಚನ್ನಗಿರಿಯಲ್ಲಿ ಕೂತು ಸುತ್ತಲಿನ ತಾಲ್ಲೂಕುಗಳ ಸುದ್ದಿ ಬರೆಯುವುದು ನನ್ನ ಕೆಲಸ. ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆ ಇಡಬೇಕು ಎನ್ನುವುದು ಆ ಕೆಲಸದ ಮೊದಲ ಪಾಠ. ಇಲ್ಲಿಯೂ ಹಾಗೆಯೇ ಬರೆಯಲು ನೋಡುತ್ತೇನೆ. ಸ್ವಂತ ತಂಗಿಯ ವಿಷಯದಲ್ಲಿ ಅದು ಎಷ್ಟು ಸಾಧ್ಯವೋ ತಿಳಿಯದು.

ತಂಗಿಯನ್ನು ಕೊಟ್ಟಿದ್ದು ಸಾಸ್ವೆಹಳ್ಳಿಗೆ. ಗಂಡನಿಗೆ ಹೊನ್ನಾಳಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳ ತಾಮ್ರದ ಸುರುಳಿ ಬಿಚ್ಚಿ ಹೊಸದು ಸುತ್ತುತ್ತಾನೆ. ಮನೆಯಲ್ಲಿ ಅವನ ತಾಯಿ, ಮತ್ತು ಐದನೇ ತರಗತಿಗೆ ಹೋಗುವ ಮಗಳು. ಸ್ಟಿರಾಯ್ಡ್ ಮಾತ್ರೆ ಶುರುವಾದ ಮೇಲೆ ತಂಗಿಯ ಬೆರಳು ಮಡಚಲು ಬಂತು, ಜ್ವರ ನಿಂತಿತು, ಮುಖ ಮಾತ್ರ ಊದಿಕೊಂಡಿತು. ಅದನ್ನು ಅವಳೇ ಮೊದಲು ನಗೆ ಮಾಡಿಬಿಡುತ್ತಿದ್ದಳು. "ನೋಡಕ್ಕ, ಮುಖ ಹೆಂಗೆ ಪೂರಿ ಉಬ್ಬಿದಂಗೆ ಉಬ್ಬೈತೆ. ಸಾಗು ಒಂದು ಇದ್ರೆ ನಾಷ್ಟಾ ಆಗೋಗ್ತಿತ್ತು."

ಅವಳ ಅತ್ತೆಗೆ ಮಾತ್ರೆಗಳ ಮೇಲೆ ಸಿಟ್ಟು. "ಇಷ್ಟು ಗುಳಿಗೆ ನುಂಗಿದ್ರೆ ರೊಟ್ಟಿಗೆ ಜಾಗ ಎಲ್ಲೈತೆ?" ಎನ್ನುತ್ತಿದ್ದರು. ಆದರೆ ಬೆಳಗ್ಗೆ ತಿಂಡಿಯಾದ ಕೂಡಲೇ ನೀರಿನ ಲೋಟ ತಂದಿಡುತ್ತಿದ್ದವರೂ ಅವರೇ. ಇದು ನಾನು ಕಂಡದ್ದು.

ತಂಗಿಗೆ ತನ್ನ ಬಗ್ಗೆ ಇದ್ದ ಹೆದರಿಕೆ ಕಡಿಮೆ. ಮಗಳ ಬಗ್ಗೆ ಇದ್ದದ್ದು ಹೆಚ್ಚು. ಗಂಡನ ಕಡೆಯವರು ಯಾರೋ ಮದುವೆ ಮನೆಯಲ್ಲಿ, "ಇಂಥದ್ದು ತಾಯಿಂದ ಮಗಳಿಗೆ ಬರ್ತೈತಂತೆ" ಎಂದಿದ್ದರು. ಆವತ್ತಿನಿಂದ ಮಗಳು ಬಿಸಿಲಿಗೆ ಹೋದರೆ ಕೂಗಿ ಕರೆಯುತ್ತಿದ್ದಳು. ಅವಳ ಉಗುರು, ಕೆನ್ನೆ, ಕೂದಲು ನೋಡುತ್ತಿದ್ದಳು. ಡಾಕ್ಟರನ್ನು ಕೇಳಿದಳು. "ಬರಬಹುದು, ಬಹಳ ಜನಕ್ಕೆ ಬರುವುದೇ ಇಲ್ಲ, ಈಗಲೇ ಹೇಳಲು ಆಗದು" ಎಂದರು. ಅದು ಸತ್ಯವಾದ ಉತ್ತರ. ಅವಳಿಗೆ ಬೇಕಿದ್ದದ್ದು ಹೌದು ಅಥವಾ ಇಲ್ಲ.

ಹೀಗಿರುವಾಗ ಆ ಸಂಶೋಧಕಿ ಬಂದಳು. ಜಗಳೂರು ಕಡೆಯ ಹುಡುಗಿ, ದಾವಣಗೆರೆಯ ಪ್ರಯೋಗಾಲಯವೊಂದರಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಳು. ಆಸ್ಪತ್ರೆಯ ಮೂಲಕ ತಂಗಿಯ ಒಪ್ಪಿಗೆ ಕೇಳಿ, ಒಂದು ಭಾನುವಾರ ಸಾಸ್ವೆಹಳ್ಳಿಯ ಮನೆಗೇ ಬಂದಳು. ಕೈಯಲ್ಲಿ ನೀಲಿ ಬಣ್ಣದ ಐಸ್ ಡಬ್ಬಿ. ಅಂದು ನಾನೂ ಅಲ್ಲಿದ್ದೆ.

"ಎಷ್ಟು ರಕ್ತ ತಗಂತೀಯವ್ವ? ಇವಳ ಮೈಯಾಗೆ ಇರಾದೇ ಅಷ್ಟು" ಎಂದರು ಅತ್ತೆ.

"ಒಂದು ಸಣ್ಣ ಟ್ಯೂಬ್ ಅಷ್ಟೇ ಅಜ್ಜಿ."

"ಅಜ್ಜಿ ಅನ್ನಬ್ಯಾಡ. ಇನ್ನಾ ಒಂದು ಹಲ್ಲೂ ಬಿದ್ದಿಲ್ಲ."

ಹುಡುಗಿ ನಕ್ಕು, ಕೂತು, ತಾನು ಏನು ಹುಡುಕುತ್ತಿದ್ದೇನೆಂದು ಹೇಳಿದಳು. ನನಗೆ ಅರ್ಥವಾದಷ್ಟನ್ನು ಇಲ್ಲಿ ಇಡುತ್ತೇನೆ. ಪ್ರತಿ ಜೀವಕೋಶದಲ್ಲೂ ಡಿಎನ್‌ಎ ಇದೆ. ಅದರಲ್ಲಿ ಬರೆದಿರುವುದನ್ನು ಆರ್‌ಎನ್‌ಎ ಎಂಬ ಪ್ರತಿ ಹೊತ್ತು ತರುತ್ತದೆ, ಆ ಪ್ರತಿಯನ್ನು ಓದಿ ಕೋಶ ಪ್ರೋಟೀನು ತಯಾರಿಸುತ್ತದೆ. ಇದು ಶಾಲೆಯ ಪಾಠ. ಇದರ ಜೊತೆಗೆ ಇನ್ನೊಂದು ಬಗೆಯ ಆರ್‌ಎನ್‌ಎ ಇದೆ, ತೀರಾ ಪುಟಾಣಿ. ಅದರಿಂದ ಯಾವ ಪ್ರೋಟೀನೂ ಆಗುವುದಿಲ್ಲ. ಬೇರೆ ಪ್ರತಿಗಳಿಗೆ ಹೋಗಿ ಅಂಟಿಕೊಂಡು, ಅವು ಓದಿಸಿಕೊಳ್ಳದಂತೆ ತಡೆಯುವುದೇ ಅದರ ಕೆಲಸ. ರೋಗಾಣು ಬಂದಾಗ ರಕ್ಷಣಾ ಕೋಶಗಳು ಎಚ್ಚರಿಕೆಯ ಪ್ರತಿಗಳನ್ನು ಹೊರಡಿಸುತ್ತವೆ. ಅಪಾಯ ಕಳೆದ ಮೇಲೆ, ಅಥವಾ ಎಚ್ಚರಿಕೆ ಮಿತಿ ಮೀರುವ ಮೊದಲು, ಈ ಪುಟಾಣಿಗಳು ಹೋಗಿ ಅವನ್ನು ತಗ್ಗಿಸುತ್ತವೆ. ಕೆಲವು ಲೂಪಸ್ ರೋಗಿಗಳಲ್ಲಿ ಅಂಥ ಒಂದು ಪುಟಾಣಿ ಇರಬೇಕಾದಷ್ಟು ಇಲ್ಲವೆಂದು ಹೊರದೇಶದ ಸಂಶೋಧಕರು ಕಂಡಿದ್ದಾರಂತೆ. ನಮ್ಮ ಕಡೆಯವರ ರಕ್ತದಲ್ಲಿ ಹೇಗಿದೆ, ಕಾಯಿಲೆ ಏರುವ ಮುಂಚೆ ಅದು ಇಳಿಯುತ್ತದೆಯೇ ಎಂದು ಅವಳು ನೋಡುತ್ತಿದ್ದಳು.

ತಂಗಿಯ ಗಂಡ ಅಂಗಡಿಯಿಂದ ಬಂದವನು ಬಾಗಿಲಲ್ಲೇ ನಿಂತು ಕೇಳುತ್ತಿದ್ದ. "ಅಂದ್ರೆ ಸ್ಟಾರ್ಟರ್‌ನಾಗೆ ರಿಲೇ ಕೆಟ್ಟೈತೆ. ಲೋಡ್ ಜಾಸ್ತಿ ಆದ್ರೂ ಟ್ರಿಪ್ ಆಗಿ ನಿಲ್ತಿಲ್ಲ. ಮೋಟರ್ ಓಡ್ತಾನೇ ಐತೆ, ಸುಡ್ತಾನೇ ಐತೆ."

"ಹೆಚ್ಚುಕಮ್ಮಿ ಹಂಗೇ ಅಣ್ಣ."

"ಹೆಂಡ್ತೀನ ಮೋಟರ್ ಮಾಡಿದ್ಯಲ್ಲ, ಭೇಷ್" ಎಂದಳು ತಂಗಿ.

ನನಗೆ ನೆನಪಾದದ್ದು ನಮ್ಮ ಕಚೇರಿ. ನಾವು ವರದಿಗಾರರು ಕಳಿಸಿದ್ದೆಲ್ಲ ಅಚ್ಚಾಗುವುದಿಲ್ಲ. ಸಂಜೆ ಡೆಸ್ಕಿನಲ್ಲಿ ಕೂತವರು ಕೆಲವನ್ನು ತಡೆಯುತ್ತಾರೆ, ಕೆಲವನ್ನು ನಾಲ್ಕು ಸಾಲಿಗೆ ಇಳಿಸುತ್ತಾರೆ. ಅವರ ಹೆಸರು ಪತ್ರಿಕೆಯಲ್ಲಿ ಎಲ್ಲೂ ಬರುವುದಿಲ್ಲ. ಅವರು ಇಲ್ಲದ ದಿನ ಗಾಳಿಮಾತೂ ಮುಖಪುಟಕ್ಕೆ ಬಂದು ಊರಿನಲ್ಲಿ ಹೊಡೆದಾಟವಾದೀತು. ತಂಗಿಯ ಮೈಯೊಳಗೆ ಡೆಸ್ಕು ಖಾಲಿಯಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಮಾತ್ರೆಗಳು ಏನು ಮಾಡುತ್ತವೆಂದೂ ಕೇಳಿದೆ. "ಅವು ಒಂದೊಂದು ಸುದ್ದಿ ನೋಡಿ ತಡೆಯಲ್ಲ ಮೇಡಂ. ಇಡೀ ಮುದ್ರಣವನ್ನೇ ನಿಧಾನ ಮಾಡ್ತಾವೆ. ಅದಕ್ಕೇ ಬೇರೆ ಸೋಂಕು ಬರೋ ಭಯ" ಎಂದಳು, ನನ್ನದೇ ಹೋಲಿಕೆಯನ್ನು ಹಿಡಿದು.

ಟ್ಯೂಬು ತುಂಬಿ, ಅದನ್ನು ಐಸಿನಲ್ಲಿ ಹೂತ ಮೇಲೆ ತಂಗಿ ತನ್ನ ಪ್ರಶ್ನೆ ಕೇಳಿದಳು. "ಇದ್ರಾಗೆ ನನ್ನ ಮಗಳಿಗೆ ಬರ್ತೈತೋ ಇಲ್ಲೋ ಗೊತ್ತಾಗ್ತೈತಾ?"

"ಇಲ್ಲ ಅಕ್ಕ. ಒಬ್ಬೊಬ್ಬರ ರಿಪೋರ್ಟ್ ಅಂತ ನಾವು ಕೊಡಲ್ಲ. ಎಲ್ಲರದ್ದೂ ಸೇರಿಸಿ ನೋಡ್ತೀವಿ." ಹುಡುಗಿ ಅವಳ ಮುಖ ನೋಡಿ, ಇನ್ನೊಂದು ಮಾತು ಸೇರಿಸಿದಳು. "ಆದ್ರೆ ಮುಂದೊಂದು ದಿನ ಅಂಥದ್ದೂ ಗೊತ್ತಾಗಬಹುದು. ನಾವು ಹುಡುಕ್ತಾ ಇರೋದು ಅದರ ಹತ್ತಿರದ್ದೇ."

ಎರಡನೇ ಸಲ ರಕ್ತ ಕೊಡಲು ಕೆಲವು ತಿಂಗಳಾದ ಮೇಲೆ ದಾವಣಗೆರೆಗೆ ಬರಬೇಕೆಂದು ಹೇಳಿ ಹೋದಳು. ತಂಗಿ ಹಿಡಿದುಕೊಂಡದ್ದು ಹತ್ತಿರದ್ದೇ ಎಂಬ ಮಾತನ್ನು. ಇಲ್ಲ ಎಂದದ್ದು ಅವಳ ಕಿವಿಯಲ್ಲಿ ನಿಲ್ಲಲಿಲ್ಲ.

ಮಾಗಿ ಕಳೆದು ಬಿಸಿಲು ಏರುವ ಹೊತ್ತಿಗೆ ತಂಗಿಯ ಸೊಂಟದ ಎಡಗಡೆ ಉರಿ ಶುರುವಾಯಿತು. ಆಮೇಲೆ ಕೆಂಪು ಪಟ್ಟಿ, ಅದರ ಮೇಲೆ ನೀರುಗುಳ್ಳೆಗಳ ಸಾಲು. ಸರ್ಪಸುತ್ತು ಎಂದು ನೋಡಿದ ಕೂಡಲೇ ಅತ್ತೆ ಹೇಳಿದರು. ಅದು ಸರಿಯಾಗಿಯೇ ಇತ್ತು. ಚಿಕ್ಕಂದಿನಲ್ಲಿ ಬಂದುಹೋದ ಸೀತಾಳೆ ಸಿಡುಬಿನ ವೈರಸ್ಸು ನರದ ಬುಡದಲ್ಲಿ ಮಲಗಿದ್ದು, ರಕ್ಷಣೆ ಸೋತಾಗ ಏಳುತ್ತದೆ. ಒಂದೇ ದೇಹ, ಒಂದು ಕಡೆ ತನ್ನನ್ನೇ ಹೊಡೆಯುವಷ್ಟು ಉಗ್ರ, ಇನ್ನೊಂದು ಕಡೆ ಹಳೆಯ ವೈರಸ್ಸನ್ನು ಮಲಗಿಸಿಡಲಾಗದಷ್ಟು ಸುಸ್ತು.

ನಮ್ಮ ಕಡೆ ಸರ್ಪಸುತ್ತಿಗೆ ಮೊದಲು ಡಾಕ್ಟರ ಬಳಿ ಹೋಗುವವರು ಕಡಿಮೆ. ಗೋವಿನಕೋವಿ ದಾಟಿ ನ್ಯಾಮತಿ ಕಡೆಗೆ ಹೋದರೆ ಒಂದು ಕುಂಬಾರರ ಮನೆಯಿದೆ. ಆ ಮನೆಯ ಹೆಂಗಸು ಕೆಮ್ಮಣ್ಣು ಅರೆದು, ಗುಳ್ಳೆಗಳ ಸುತ್ತ ಗೆರೆ ಬರೆಯುತ್ತಾರೆ. ಸರ್ಪದ ಹೆಡೆ ಬಾಲ ಕೂಡಬಾರದು, ಕೂಡುವ ಮುಂಚೆ ಗೆರೆ ಹಾಕಿ ದಾರಿ ಕಟ್ಟಬೇಕು ಎನ್ನುವುದು ನಂಬಿಕೆ. ಗಂಡನ ಬೈಕಿನಲ್ಲಿ ತಂಗಿ ಹೋಗಿ ಬರೆಸಿಕೊಂಡು ಬಂದಳು. ವಾರದ ರಜೆಗೆ ನಾನು ಹೋದಾಗ ಅವಳು ಒಳಕೋಣೆಯಲ್ಲಿ ಹತ್ತಿ ಸೀರೆ ಸಡಿಲವಾಗಿ ಸುತ್ತಿಕೊಂಡು ಮಲಗಿದ್ದಳು. ಸೊಂಟದ ಮೇಲೆ ಕೆಮ್ಮಣ್ಣು ಒಣಗಿ ಬಿರಿದಿತ್ತು. ಅಂಚಿನಲ್ಲಿ ಬರೆದ ಗೆರೆ ಬಹಳ ಚೆಲುವಾಗಿತ್ತು, ಅಳುಕದ ಕೈಯದು.

"ತಣ್ಣಗೆ ಐತಕ್ಕ. ಉರಿ ಹಿಡ್ದು ನಿಲ್ಸಿದಂಗೆ ಆಗೈತೆ" ಎಂದಳು.

ಡಾಕ್ಟರಿಗೆ ತೋರಿಸಿ ಎಂದೆ. "ಪಥ್ಯ ಮುಗೀಲವ್ವ, ಕರ್ಕಂಡು ಹೋಗ್ತೀವಿ" ಎಂದರು ಅತ್ತೆ. ಪಥ್ಯ ಮೂರು ದಿನದ್ದು. ಒಗ್ಗರಣೆ ಇಲ್ಲ, ಹುಳಿ ಇಲ್ಲ, ಹೊರಗಿನವರ ನೆರಳು ಬೀಳಬಾರದು. ಅಕ್ಕ ಎಂದು ನನಗೆ ವಿನಾಯಿತಿ ಕೊಟ್ಟಿದ್ದರು. ಇಂಗ್ಲಿಷ್ ಔಷಧಿಯೂ ಆ ಮೂರು ದಿನ ಕೂಡದು ಎನ್ನುವುದನ್ನು ನನ್ನ ಎದುರು ಯಾರೂ ಹೇಳಲಿಲ್ಲ. ಅದು ಆಮೇಲೆ ಕೇಳಿದ್ದು.

ಅದಾದ ಮೇಲೆ ನಡೆದದ್ದನ್ನು ತಂಗಿಯ ಬಾಯಿಂದ, ಆಸ್ಪತ್ರೆಯ ಮಂಚದ ಮೇಲೆ, ತುಂಡು ತುಂಡಾಗಿ ಕೇಳಿದೆ. ಪಥ್ಯ ಮುಗಿದ ಬೆಳಗ್ಗೆ ಅತ್ತೆ ಎಂದಿನಂತೆ ಲೋಟದಲ್ಲಿ ನೀರು ತಂದಿಟ್ಟರು. ತಂಗಿ ಮಾತ್ರೆ ಕೈಗೆ ತೆಗೆದುಕೊಂಡಳು, ಸೀರೆಯ ಸೆರಗಿಗೆ ಕಟ್ಟಿಕೊಂಡಳು, ನೀರು ಕುಡಿದಳು. ಸಂಶೋಧಕಿಗೆ ಎರಡನೇ ಸಲ ರಕ್ತ ಕೊಡುವ ದಿನ ಹತ್ತಿರ ಬರುತ್ತಿತ್ತು. ಸಕ್ಕರೆ ಪರೀಕ್ಷೆಗೆ ಹೋಗುವವರು ಏನೂ ತಿನ್ನದೆ ಖಾಲಿ ಹೊಟ್ಟೆಯಲ್ಲಿ ಹೋಗುವುದನ್ನು ಅವಳು ನೋಡಿದ್ದಳು. ತಿಂದು ಹೋದರೆ ರಿಪೋರ್ಟ್ ತಪ್ಪು ಬರುತ್ತದೆ ಎಂದು ಹೊನ್ನಾಳಿಯ ಲ್ಯಾಬಿನಲ್ಲಿ ಅತ್ತೆಯನ್ನು ಒಮ್ಮೆ ವಾಪಸು ಕಳಿಸಿದ್ದರು. ಊಟವೇ ರಿಪೋರ್ಟ್ ಕೆಡಿಸುವುದಾದರೆ ಇಷ್ಟು ಜೋರಿನ ಮಾತ್ರೆ ಕೆಡಿಸುವುದಿಲ್ಲವೇ? ಮಾತ್ರೆ ಮೈಯಲ್ಲಿರುವಾಗ ಕೊಟ್ಟ ರಕ್ತದಲ್ಲಿ ತನ್ನ ನಿಜವಾದ ಸ್ಥಿತಿ ಕಾಣುವುದಿಲ್ಲ, ತನ್ನದು ಕಾಣದಿದ್ದರೆ ಮಗಳದ್ದೂ ತಿಳಿಯುವುದಿಲ್ಲ. ಹೇಗೂ ಮೂರು ದಿನ ಬಿಟ್ಟಾಗಿದೆ, ಏನೂ ಆಗಿಲ್ಲ. ಇನ್ನೂ ಸ್ವಲ್ಪ ದಿನ ಬಿಟ್ಟು, ಮೈ ಶುದ್ಧವಾದ ಮೇಲೆ ರಕ್ತ ಕೊಟ್ಟು, ಅಂದೇ ಮತ್ತೆ ನುಂಗಿದರಾಯಿತು.

ಅವಳ ಲೆಕ್ಕ ಹೀಗಿತ್ತು. ಹುಚ್ಚು ಎನ್ನಲು ನನಗೆ ಆಗಲಿಲ್ಲ. ಪ್ರತಿ ಹೆಜ್ಜೆಯೂ ಹಿಂದಿನದರಿಂದ ಬಂದಿತ್ತು.

ನಾನು ಆ ವಾರ ಜಗಳೂರಿನಲ್ಲಿದ್ದೆ. ಕೆರೆಗೆ ಹೊಸದಾಗಿ ನೀರು ಬಿಟ್ಟಿದ್ದರು, ಏರಿಯಲ್ಲಿ ಒಂದು ಕಡೆ ಜಿನುಗುತ್ತಿದೆ ಎಂದು ಜನ ಹೇಳುತ್ತಿದ್ದರು. ಅದನ್ನು ನೋಡಿ, ಇಂಜಿನಿಯರ್ ಹೇಳಿಕೆ ತೆಗೆದುಕೊಂಡು ಬಸ್ ನಿಲ್ದಾಣಕ್ಕೆ ಬರುವ ಹೊತ್ತಿಗೆ ತಂಗಿಗೆ ಫೋನು ಮಾಡಿದೆ. ಗುಳ್ಳೆ ಒಣಗಿವೆ ಎಂದಳು. ಧ್ವನಿ ಭಾರವಾಗಿತ್ತು.

"ಸುಸ್ತಾ?"

"ಸ್ವಲ್ಪ. ಕಾಲು ಊದ್ಯಾವೆ, ಅನ್ನ ಸೇರಲ್ದು. ಇನ್ನೇನು, ಮುಂದಿನ ವಾರ ಆ ಹುಡುಗಿಗೆ ರಕ್ತ ಕೊಡಾಕೆ ಹೋಗ್ತೀನಲ್ಲ. ಈ ಸಲ ಚೊಕ್ಕ ರಕ್ತ ಕೊಡ್ತೀನಿ ನೋಡು. ಒಂದು ಮಾತ್ರೆನೂ ಇಲ್ಲ."

"ಅಂದರೆ?"

"ಇಡು ಇಡು, ಅತ್ತೆ ಬಂದ್ರು."

ಆ ಸಂಶೋಧಕಿ ರಜೆಗೆಂದು ಊರಿಗೆ ಬಂದವಳು ಅಂದು ದಾವಣಗೆರೆಗೆ ಹೊರಟಿದ್ದಳು. ಒಂದೇ ಬಸ್ಸಿಗೆ ಹೋಗೋಣವೆಂದು ಬೆಳಗ್ಗೆಯೇ ಮಾತಾಗಿತ್ತು. ಬ್ಯಾಗು ಹೊತ್ತು ಬರುತ್ತಿದ್ದವಳನ್ನು ನಿಲ್ಲಿಸಿ, ಸುದ್ದಿಯೊಂದನ್ನು ಖಚಿತ ಮಾಡಿಕೊಳ್ಳುವಂತೆ ಕೇಳಿದೆ: "ನಿಮ್ಮ ಪರೀಕ್ಷೆಗೆ ಬರುವವರು ಮಾತ್ರೆ ಬಿಟ್ಟು ಬರಬೇಕೇ?"

"ಇಲ್ಲ ಮೇಡಂ, ಎಂಥಾ ಮಾತು. ಯಾವ ಮಾತ್ರೆ ತಗೊಂಡಿದ್ದಾರೆ ಅಂತ ನಾವು ಬರ್ಕೊಳ್ತೀವಿ ಅಷ್ಟೇ. ಯಾಕೆ?" ತಂಗಿ ಫೋನಿನಲ್ಲಿ ಅಂದದ್ದನ್ನು ಹೇಳಿದೆ. ಅವಳು ಬ್ಯಾಗನ್ನು ಕೆಳಗಿಟ್ಟಳು. "ಸ್ಟಿರಾಯ್ಡಾ? ಪೂರ್ತಿನಾ? ಯಾವಾಗಿಂದ? ಕಾಲು ಊದಿದ್ಯಾ? ಮೂತ್ರ ನೊರೆ ಬರ್ತಾ ಇದೆಯಾ ಕೇಳಿ, ಕಿಡ್ನಿಗೆ ಪೆಟ್ಟು ಬಿದ್ರೆ ಹಂಗಾಗುತ್ತೆ. ಈಗ್ಲೇ ಕೇಳಿ."

ತಂಗಿಯ ಗಂಡನಿಗೆ ಫೋನು ಹಚ್ಚಿದೆ. ಅವನು ಅಂಗಡಿಯಿಂದ ಮನೆಗೆ ಹೋಗಿ ವಾಪಸು ಮಾಡಿದ. ಅವನ ಧ್ವನಿಯಲ್ಲಿ ಏರಿಳಿತವೇ ಇರಲಿಲ್ಲ. "ನೊರೆ ಬರ್ತೈತಂತೆ ಅಕ್ಕಾರೆ. ಸೋಪಿನ ನೊರೆ ಹಂಗೆ. ಎರಡು ಸಲ ವಾಂತಿ ಮಾಡ್ಕಂಡಾಳೆ. ಕಾರು ಹೇಳೀನಿ, ಹೊರಟ್ವಿ."

ಜಗಳೂರಿನಿಂದ ದಾವಣಗೆರೆಗೆ ಬಸ್ಸಿನಲ್ಲಿ ಜೊತೆಗೇ ಹೋದೆವು. ಒಂದೆಡೆ ಅವಳು, ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ ಹೇಳಿದಳು: "ಹತ್ತಿರದ್ದೇ ಅಂತ ಅನ್ನಬಾರದಿತ್ತು. ಅವರ ಮುಖ ನೋಡಿ ಅಂದುಬಿಟ್ಟೆ."

ನಾವು ತಲುಪಿದಾಗ ತಂಗಿಯನ್ನು ವಾರ್ಡಿಗೆ ತಂದಿದ್ದರು. ಕಣ್ಣಿನ ರೆಪ್ಪೆ ಊದಿತ್ತು, ಕಾಲನ್ನು ಬೆರಳಿನಿಂದ ಒತ್ತಿದರೆ ಕುಳಿ ಉಳಿಯುತ್ತಿತ್ತು. ಕೆನ್ನೆಯ ಕೆಂಪು ಮರಳಿ ಬಂದಿತ್ತು. ಡಾಕ್ಟರು ಕೂಗಾಡುವವರಲ್ಲ. ಮೂತ್ರದ ರಿಪೋರ್ಟ್ ನೋಡಿ ಕೇಳಿದರು, "ಮಾತ್ರೆ ನಿಲ್ಲಿಸಿದವರು ಯಾರು?"

"ನಾನೇ ಕಣಪ್ಪ" ಎಂದರು ಅತ್ತೆ. ಸೆರಗಿನ ತುದಿ ಅವರ ಮುಷ್ಟಿಯಲ್ಲಿತ್ತು. "ಪಥ್ಯ ಅಂತ ನಾನೇ ಬ್ಯಾಡ ಅಂದೆ."

"ಅಲ್ಲ ಅತ್ತೆ. ನೀವು ಬ್ಯಾಡ ಅಂದಿದ್ದು ಮೂರು ದಿನ. ಆಮೇಲಿಂದು ನಂದೇ." ತಂಗಿ ಅತ್ತೆಯ ಕಡೆ ತಿರುಗಲಿಲ್ಲ. "ನೀವು ತಂದ ನೀರು ಅಷ್ಟೇ ಕುಡೀತಿದ್ದೆ."

ಅತ್ತೆ ಅವಳನ್ನು ನೋಡಿದರು.

ಸ್ಟಿರಾಯ್ಡನ್ನು ಡ್ರಿಪ್ಪಿನಲ್ಲಿ ಕೂಡಲೇ ಕೊಡಬೇಕು, ಸರ್ಪಸುತ್ತಿನ ವೈರಸ್ಸಿಗೂ ಔಷಧಿ ಶುರುಮಾಡಬೇಕು ಎಂದರು ಡಾಕ್ಟರು. ಮೂತ್ರಪಿಂಡಕ್ಕೆ ಎಷ್ಟು ಪೆಟ್ಟಾಗಿದೆಯೆಂದು ಆಮೇಲೆ ಸೂಜಿ ಹಾಕಿ ಚೂರು ತೆಗೆದು ನೋಡಬೇಕು. ಉಳಿಯುತ್ತದೆಯೇ ಎಂದು ಗಂಡ ಕೇಳಿದ. "ಬೇಗ ಶುರುಮಾಡಿದಷ್ಟು ಒಳ್ಳೆಯದು" ಎಂಬುದಷ್ಟೇ ಉತ್ತರ.

ನರ್ಸ್ ಸೂಜಿ ಚುಚ್ಚಲು ಕೈ ಹಿಡಿದಾಗ ತಂಗಿ ತಲೆಯೆತ್ತಿ ಹುಡುಕಿದ್ದು ಸಂಶೋಧಕಿಯನ್ನು. "ಆ ಡಬ್ಬಿ ಎಲ್ಲೈತವ್ವ? ತಾ. ಡ್ರಿಪ್ ಹಾಕಾಕೆ ಮುಂಚೆ ತಗಂಡುಬಿಡು."

ಹುಡುಗಿ ಮಂಚದ ಕೊನೆಯ ಕಂಬಿ ಹಿಡಿದು ನಿಂತಿದ್ದಳು. "ಈಗ ಬ್ಯಾಡ ಅಕ್ಕ. ಮೊದಲು ಔಷಧಿ."

"ಔಷಧಿ ಹೊಕ್ಕರೆ ಮುಗೀತಲ್ಲ! ಇದು ಚೊಕ್ಕ ರಕ್ತ, ಈಗ್ಲೇ ತಗಾ. ಇದಕ್ಕೇ ಅಲ್ವಾ ನಾನು ಬಿಟ್ಟಿದ್ದು?"

"ಒಂದು ನಿಮಿಷ" ಎಂದು ಹುಡುಗಿ ಹೊರಗೆ ಬಂದಳು. ನಾನೂ ಹಿಂದೆಯೇ ಹೋದೆ. ಓಣಿಯಂಥ ಆ ಜಾಗದಲ್ಲಿ ಸ್ಟ್ರೆಚರುಗಳು ಗೋಡೆಗೆ ಒರಗಿದ್ದವು. ಅವಳ ಪ್ರಯೋಗಾಲಯ ಅಲ್ಲಿಂದ ದೂರವಿರಲಿಲ್ಲ. ಡಬ್ಬಿ ತರಿಸುವುದು ಫೋನು ಮಾಡಿದರೆ ಆಗುವ ಕೆಲಸ.

"ಮೇಡಂ, ನಿಮಗೆ ಸುಳ್ಳು ಹೇಳಲ್ಲ. ಇಂಥ ರಕ್ತ ನಮಗೆ ಸಿಗೋದೇ ಇಲ್ಲ. ಕಾಯಿಲೆ ಏರಿದೆ, ಮೈಯಲ್ಲಿ ಮಾತ್ರೆ ಇಲ್ಲ. ಆ ಪುಟಾಣಿ ಆರ್‌ಎನ್‌ಎ ಈಗ ಎಷ್ಟಿದೆ ಅಂತ ನೋಡಿದ್ರೆ, ಕಾಯಿಲೆಯಿಂದ ಇಳಿದಿದ್ದು ಯಾವುದು, ಮಾತ್ರೆಯಿಂದ ಬದಲಾಗಿದ್ದು ಯಾವುದು ಅಂತ ಬೇರೆ ಮಾಡಬಹುದು. ವರ್ಷಗಟ್ಟಲೆ ಕಾದ್ರೂ ಇಂಥದ್ದೊಂದು ಸಿಗಲ್ಲ."

"ಹಾಗಾದರೆ?"

"ಹೆಂಗೂ ನರ್ಸ್ ಪರೀಕ್ಷೆಗೆ ರಕ್ತ ತೆಗೀತಾರೆ. ಇನ್ನೊಂದು ಟ್ಯೂಬ್ ಅಷ್ಟೇ, ಔಷಧಿ ತಡ ಆಗಲ್ಲ. ಅವರೂ ತಗೋ ಅಂತಿದ್ದಾರೆ." ಅವಳು ಚೂಡಿದಾರದ ತೋಳಿನಿಂದ ಮುಖ ಒರೆಸಿಕೊಂಡಳು. "ಆದ್ರೆ ನಾನು ತಗೊಂಡ್ರೆ, ಬಿಟ್ಟಿದ್ದು ಸರಿ ಅಂತ ಅವರಿಗೆ ನಾನೇ ಹೇಳಿದಂಗೆ. ನಾಳೆ ಇನ್ನೊಬ್ಬರಿಗೆ ಅವರೇ ಹೇಳ್ತಾರೆ, ಬಿಟ್ಟು ಹೋಗು, ಒಳ್ಳೇ ರಿಪೋರ್ಟ್ ಬರ್ತೈತೆ ಅಂತ."

ಇದರಲ್ಲಿ ಏನಾದರೂ ಹೇಳಲು ನನಗೆ ಹಕ್ಕಿತ್ತೇ, ಯಾವ ಕಡೆಗೆ ಹೇಳಬೇಕಿತ್ತು ಎಂಬುದು ಈಗಲೂ ಸ್ಪಷ್ಟವಿಲ್ಲ. ಅವಳು ತನ್ನ ಮಾರ್ಗದರ್ಶಕರಿಗೆ ಫೋನು ಮಾಡಿದಳು. ಆ ಕಡೆಯ ಮಾತು ನನಗೆ ಕೇಳಿಸಲಿಲ್ಲ. "ಹೌದು ಸರ್", "ಇಲ್ಲ ಸರ್, ಅವರು ಈಗ ಯೋಚನೆ ಮಾಡೋ ಸ್ಥಿತಿನಲ್ಲಿ ಇಲ್ಲ" ಎಂದದ್ದು ಕೇಳಿಸಿತು.

ಒಳಗೆ ಬಂದು ಮಂಚದ ಪಕ್ಕ ಕೂತಳು. "ಅಕ್ಕ, ನಾನು ತಗೊಳ್ಳಲ್ಲ. ಮುಂದೆ ನೀವು ಹುಷಾರಾಗಿ, ಮಾತ್ರೆ ತಗೊಳ್ತಾ ಇರುವಾಗ ಕೊಡಿ. ನಮಗೆ ಅದೇ ಬೇಕು."

"ಹಂಗಾದ್ರೆ ಇಷ್ಟು ದಿನ ನಾನು ಸುಮ್‌ಸುಮ್ನೆ ಬಿಟ್ಟೆನಾ?"

ಪಕ್ಕದ ಮಂಚದ ಹೆಂಗಸು ಕಿತ್ತಳೆ ಸುಲಿಯುವುದನ್ನು ನಿಲ್ಲಿಸಿದ್ದಳು. ತಂಗಿ ಗಂಡನನ್ನು ನೋಡಿದಳು, ನನ್ನನ್ನು ನೋಡಿದಳು. "ಅಕ್ಕ, ನೀನಾದ್ರೂ ಹೇಳು ಅವಳಿಗೆ. ನನ್ನ ಕಿಡ್ನಿ ಹೋದ್ರೆ ಹೋಗ್ಲಿ, ನನ್ನ ಮಗಳದ್ದು ಗೊತ್ತಾಗ್ಲಿ."

"ಅದರಲ್ಲಿ ಅವಳದ್ದು ಗೊತ್ತಾಗಲ್ಲ ಅಕ್ಕ" ಎಂದಳು ಹುಡುಗಿ. ಈ ಸಲ ಇನ್ನೊಂದು ಮಾತು ಸೇರಿಸಲಿಲ್ಲ. "ಈಗ್ಲೂ ಇಲ್ಲ, ಅವತ್ತೂ ಇರ್ಲಿಲ್ಲ."

ತಂಗಿ ಗೋಡೆಯ ಕಡೆ ಹೊರಳಿದಳು. ಕೈ ಮಾತ್ರ ನರ್ಸಿನ ಕಡೆ ಚಾಚಿದ್ದಳು. ಸೂಜಿ ಒಳಗೆ ಹೋಯಿತು, ಆಸ್ಪತ್ರೆಗೆ ಬೇಕಾದಷ್ಟು ರಕ್ತ ಆಸ್ಪತ್ರೆಯ ಟ್ಯೂಬಿಗೆ ಬಂತು, ಆಮೇಲೆ ಡ್ರಿಪ್ಪಿನ ಹನಿ ಬೀಳಲು ಶುರುವಾಯಿತು.

ಅವಳು ಉಳಿದಳು. ಮೂತ್ರಪಿಂಡ ಪೂರ್ತಿ ಕೈಬಿಡಲಿಲ್ಲ, ಪೂರ್ತಿ ಮರಳಿಯೂ ಬರಲಿಲ್ಲ. ಮಾತ್ರೆಗಳ ಜೊತೆಗೆ ಇನ್ನೊಂದು ಜೋರಾದ ಮಾತ್ರೆ ಸೇರಿತು. ಊಟದಲ್ಲಿ ಉಪ್ಪು ಕಡಿಮೆ ಮಾಡಿಸಿದರು. ಹೊನ್ನಾಳಿಯ ಲ್ಯಾಬಿಗೆ ಆಗಾಗ ಮೂತ್ರದ ಡಬ್ಬಿ ಹೋಗುತ್ತದೆ, ಪ್ರತಿ ಸಲವೂ ಪ್ರೋಟೀನು ಸೋರುತ್ತಿದೆ ಎಂದೇ ಬರುತ್ತದೆ, ಕೆಲವು ಸಲ ಕಡಿಮೆ, ಕೆಲವು ಸಲ ಹೆಚ್ಚು. ಅತ್ತೆ ಈಗ ನೀರಿನ ಲೋಟ ಕೊಟ್ಟು ಹೋಗುವುದಿಲ್ಲ. ಎದುರಿಗೆ ಕೂತು, "ಆ ಅನ್ನು" ಎಂದು ಬಾಯಿ ತೆರೆಸಿ ನೋಡುತ್ತಾರೆ. "ಜೈಲರ್ ಆಗಾರೆ ನಮ್ಮತ್ತೆ" ಎಂದು ತಂಗಿ ನಗುತ್ತಾಳೆ. ಅತ್ತೆ ನಗುವುದಿಲ್ಲ. ಸೊಸೆ ತನ್ನ ಕಣ್ಣೆದುರಿಗೇ ಬರೀ ನೀರು ಕುಡಿದಳು ಎಂಬುದನ್ನು ಅವರು ಬಂದವರೆಲ್ಲರ ಮುಂದೆ ಹೇಳುತ್ತಾರೆ, ಪ್ರತಿ ಸಲವೂ ಹೊಸದಾಗಿ ಆಶ್ಚರ್ಯಪಡುತ್ತ.

ಮಳೆಗಾಲ ಮುಗಿದ ಮೇಲೆ ತಂಗಿ ಸಂಶೋಧಕಿಗೆ ಎರಡನೇ ಟ್ಯೂಬು ಕೊಟ್ಟಳು. ಕೊಡುವಾಗ ಏನೂ ಕೇಳಲಿಲ್ಲ. ಆ ರಕ್ತ ಈಗ ಬೇರೆಯವರ ರಕ್ತದ ಜೊತೆ ಎಲ್ಲೋ ಕೊರೆಯುವ ಚಳಿಯ ಪೆಟ್ಟಿಗೆಯಲ್ಲಿದೆ. ಅದರಿಂದ ಏನಾದರೂ ತಿಳಿದರೆ ಯಾವುದೋ ಲೇಖನದ ನಕ್ಷೆಯಲ್ಲಿ ತಂಗಿ ಒಂದು ಚುಕ್ಕೆಯಾಗುತ್ತಾಳೆ. ಯಾವ ಚುಕ್ಕೆ ಎಂದು ಅವಳಿಗೂ ಗೊತ್ತಾಗುವುದಿಲ್ಲ, ಆ ಹುಡುಗಿಗೂ ಗೊತ್ತಾಗುವಂತಿಲ್ಲ.

ಹೋದ ತಿಂಗಳು ತಂಗಿಯ ಫೋನು ಬಂತು. "ಬಾ ಅಕ್ಕ, ಈಗ್ಲೇ ಬಾ." ಅಷ್ಟೇ. ಚನ್ನಗಿರಿಯಿಂದ ಬಸವಾಪಟ್ಟಣದ ಮೇಲೆ ಸಾಸ್ವೆಹಳ್ಳಿಗೆ ಸ್ಕೂಟಿಯಲ್ಲೇ ಹೋದೆ. ದಾರಿಯಲ್ಲಿ ಮೂತ್ರಪಿಂಡ, ಉಸಿರು, ಜ್ವರ ಎಂದು ಒಂದೊಂದೇ ಯೋಚಿಸಿದೆ.

ತಂಗಿ ಜಗಲಿಯ ಮೇಲೆ ಕೂತಿದ್ದಳು. ಮಗಳನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ಗದ್ದ ಹಿಡಿದು, ಸಂಜೆಯ ಬೆಳಕಿಗೆ ಮುಖ ಎತ್ತಿದ್ದಳು. ಮಗಳ ಎರಡೂ ಕೆನ್ನೆ ಕೆಂಪಾಗಿದ್ದವು, ಮೂಗಿನ ಮೇಲೂ.

"ಖೋಖೋ ಆಡಿ ಬಂದೆ ದೊಡ್ಡವ್ವ" ಎಂದಳು ಮಗಳು, ಹಿಡಿತ ಬಿಡಿಸಿಕೊಳ್ಳದೆ. "ಎಲ್ಲರ ಮುಖಾನೂ ಹಿಂಗೇ ಇತ್ತು. ಮೇಷ್ಟ್ರದ್ದೂ."

ತಂಗಿ ಒದ್ದೆ ಬಟ್ಟೆ ಒತ್ತಿದಳು, ತೆಗೆದಳು, ನೋಡಿದಳು, ಮತ್ತೆ ಒತ್ತಿದಳು. ಕೆಂಪು ಇಳಿಯುತ್ತಿತ್ತು. ನನ್ನ ಕಣ್ಣಿಗೆ ಇಳಿಯುತ್ತಿತ್ತು. ಅವಳ ಕಣ್ಣಿಗೆ ಹೇಗೆ ಕಾಣುತ್ತಿತ್ತೋ ಹೇಳಲಾರೆ.

"ಇಳಿತಾ ಐತಾ?"

"ಇಳಿತಾ ಇದೆ."

"ಖರೇ ಹೇಳು. ನನ್ನ ಸಮಾಧಾನಕ್ಕೆ ಹೇಳಬ್ಯಾಡ."

"ಇಳಿತಾ ಇದೆ ಕಣೇ."

"ಇವತ್ತು ಇಳಿತು" ಎಂದಳು. ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿ, "ಆ ಲ್ಯಾಬಿನ ಹುಡುಗಿಗೆ ಫೋನ್ ಮಾಡ್ಲಾ?"

"ಏನು ಕೇಳುತ್ತೀಯ?"

ಯೋಚಿಸಿದಳು. ಬಟ್ಟೆಯನ್ನು ಮತ್ತೆ ಮಗಳ ಕೆನ್ನೆಗೆ ಒಯ್ದಳು. ಮಗಳು ಆ ಹೊತ್ತಿಗೆ ಗದ್ದ ಬಿಡಿಸಿಕೊಂಡು, "ಹಸಿವಾಗೈತವ್ವ" ಎಂದು ಒಳಗೆ ಓಡಿದಳು. ಬಟ್ಟೆಯ ನೀರು ತಂಗಿಯ ಮಡಿಲಿಗೆ ತೊಟ್ಟಿಕ್ಕುತ್ತಿತ್ತು. ಅವಳು ಬಾಗಿಲ ಕಡೆಗೇ ನೋಡುತ್ತ ಕೂತಿದ್ದಳು. ಪಕ್ಕದಲ್ಲಿದ್ದ ಅವಳ ಫೋನನ್ನು ನಾನು ಎತ್ತಿಕೊಡಲಿಲ್ಲ, ಅವಳೂ ಮತ್ತೆ ಕೇಳಲಿಲ್ಲ.